ಮನೆಯವರಿಗೆ ಕೀಮೋ, ಹೊರಗೆ ನವರಾತ್ರಿ: 21 ದಿನಗಳ ಮನೆಲೆಕ್ಕ

ಹೊಸತೋಟ (ವಿಷಯ ಆರಂಭಿಸಿದವರು)
ಹೆಂಡತಿಗೆ ಸ್ತನ ಕ್ಯಾನ್ಸರ್. ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ಸೇರಿದ ಕೀಮೋ 21 ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ. ಆಮೇಲೆ ಪ್ಯಾಕ್ಲಿಟಾಕ್ಸೆಲ್ ವಾರಕ್ಕೊಂದು. ಮೊದಲನೆಯದು ಮಹಾಲಯ ಅಮಾವಾಸ್ಯೆಯ ದಿನ. ಬೆಂಗಳೂರು, ಮನೆಯಲ್ಲಿ ನಾವಿಬ್ಬರೇ. ಡೇ ಕೇರ್‌ನಲ್ಲಿ ಕೊಟ್ಟು ಸಂಜೆಗೆ ಕಳಿಸುತ್ತಾರಂತೆ. ಉಳಿದ 20 ದಿನ ಮನೆಯಲ್ಲಿ ಏನು ಮಾಡಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ? ಧೈರ್ಯದ ಮಾತು ಬೇಕಾದಷ್ಟು ಸಿಕ್ಕಿದೆ. ಎಷ್ಟು, ಯಾವಾಗ, ಏಕೆ ಅನ್ನುವುದು ಬೇಕು.

ಲೆಕ್ಕದಪುಸ್ತಕ
ಮೊದಲು ಗೋಡೆಯ ಪಂಚಾಂಗದ ಕ್ಯಾಲೆಂಡರ್ ಕೆಳಗಿಳಿಸಿ, ಕೆಂಪು ಪೆನ್ನು ತಗೊಳ್ಳಿ. ಕೀಮೋ ದಿನ ಒಂದನೇ ದಿನ. 1ರಿಂದ 4 ವಾಕರಿಕೆ ಮತ್ತು ಮಲಬದ್ಧತೆಯ ದಿನಗಳು. 5–6 ಸುಸ್ತು. 7ರಿಂದ 14 ಬಿಳಿ ರಕ್ತಕಣ ತಳಮುಟ್ಟುವ ಕಾಲ, ಸೋಂಕಿನ ಭಯ ಇರುವುದು ಆಗ. 15ರಿಂದ 21 ಮನುಷ್ಯ ಮನುಷ್ಯನಂತಾಗುವ ವಾರ.

ಈಗ ನಿಮ್ಮ ಲೆಕ್ಕ ಹಾಕಿ. ಅಮಾವಾಸ್ಯೆ ಒಂದನೇ ದಿನವಾದರೆ ಆಯುಧಪೂಜೆ ಹತ್ತನೇ ದಿನ, ವಿಜಯದಶಮಿ ಹನ್ನೊಂದು. ಎರಡನೇ ಸೈಕಲ್ (ಕೀಮೋದ ಸುತ್ತು) 22ನೇ ದಿನ ಶುರು. ನರಕ ಚತುರ್ದಶಿ ಅದರ ಎಂಟನೇ ದಿನದ ಸುತ್ತ, ಬಲಿಪಾಡ್ಯಮಿ ಹತ್ತನೇ ದಿನದ ಸುತ್ತ. ಮೂರನೆಯದು ತುಳಸಿ ಹಬ್ಬದ ಹೊತ್ತಿಗೆ. ಕಾರ್ತಿಕದ ಕೊನೇ ಸೋಮವಾರ, ಅಂದರೆ ಬಸವನಗುಡಿ ಕಡಲೆಕಾಯಿ ಪರಿಷೆ, ಮತ್ತೆ ತಳಮುಟ್ಟುವ ವಾರದಲ್ಲೇ ಅಥವಾ ಅದರ ಅಂಚಿನಲ್ಲಿ. ತಿಥಿ ಒಂದೆರಡು ದಿನ ಆಚೀಚೆ ಆದರೂ ದೊಡ್ಡ ಹಬ್ಬಗಳೆಲ್ಲ ನಿಮ್ಮ ಕೆಟ್ಟ ದಿನಗಳ ಮೇಲೇ ಬೀಳುತ್ತಿವೆ. ಹಬ್ಬವನ್ನು ಪಂಚಾಂಗದಂತೆ ಮಾಡಲಾಗುವುದಿಲ್ಲ. 16ರಿಂದ 19ನೇ ದಿನದೊಳಗೆ ಒಂದು ದಿನ ಆರಿಸಿ, ಹೋಳಿಗೆ ಅಂದು ಮಾಡಿ.

ಇನ್ನೊಂದು. ಮುಂದಿನ ಸೈಕಲ್‌ಗೆ ಒಂದೆರಡು ದಿನ ಮೊದಲು ರಕ್ತಪರೀಕ್ಷೆ ಆಗಬೇಕು. ಸಾಲುಸಾಲು ರಜೆಯಲ್ಲಿ ಲ್ಯಾಬು, ಮೆಡಿಕಲ್ ಸ್ಟೋರ್ ಬಾಗಿಲು ಹಾಕಿರುತ್ತವೆ. ಆಯುಧಪೂಜೆಗೆ ಮುಂಚೆ ಹತ್ತು ದಿನದ ಮಾತ್ರೆ ಮನೆಯಲ್ಲಿರಲಿ.

ವಾರ್ಡಿನಕ್ಕ
ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಜ್ವರಕ್ಕೆ. ಬೆಳಗಾಗುವ ತನಕ ಇದಕ್ಕೆ ಕಾಯಲಾಗುವುದಿಲ್ಲ.

ಡಿಜಿಟಲ್ ಥರ್ಮಾಮೀಟರ್ ಎರಡು ತನ್ನಿ. ಒಂದರ ಬ್ಯಾಟರಿ ರಾತ್ರಿ ಎರಡು ಗಂಟೆಗೇ ಹೋಗುವುದು. ಬೆಳಿಗ್ಗೆ, ಸಂಜೆ ನೋಡಿ. ಮೈ ಬಿಸಿ ಅನಿಸಿದರೆ, ಚಳಿ ಹತ್ತಿದರೆ ತಕ್ಷಣ ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಕಂಡರೆ ಆಸ್ಪತ್ರೆಗೆ ಫೋನ್, ಆಮೇಲೆ ಪ್ರಯಾಣ. "ಇನ್ನೊಂದು ಗಂಟೆ ನೋಡೋಣ" ಬೇಡ. ಜ್ವರ ಇಲ್ಲದೆ ಬರೀ ನಡುಕ ಬಂದರೂ ಅದೇ ನಿಯಮ. ಬಿಳಿಕಣ ಇಲ್ಲದ ಮೈಯಲ್ಲಿ ಕೀವು, ಕೆಂಪು, ಊತ ಯಾವುದೂ ಸರಿಯಾಗಿ ಕಾಣುವುದಿಲ್ಲ, ಜ್ವರವೊಂದೇ ಸುಳಿವು. ಬೆಳಿಗ್ಗೆ ಜ್ವರ, ಸಂಜೆ ಬಿಪಿ ಕುಸಿತ, ಇಷ್ಟು ವೇಗ ಇರಬಹುದು.

ಕ್ಯಾಶುವಾಲ್ಟಿಯಲ್ಲಿ ಮೊದಲ ವಾಕ್ಯ ಹೀಗಿರಲಿ: "ಕೀಮೋ ಆಗಿ ಒಂಬತ್ತನೇ ದಿನ, ಜ್ವರ 101." ಬರೀ ಜ್ವರ ಅಂದರೆ ಟೋಕನ್ ಕೊಟ್ಟು ಬೆಂಚಿನ ಮೇಲೆ ಕೂರಿಸುತ್ತಾರೆ. ಕೀಮೋ ದಿನ ಹೇಳಿದರೆ ಅವರಿಗೆ ಗೊತ್ತು: ರಕ್ತದ ಕಲ್ಚರ್ (ಯಾವ ರೋಗಾಣು ಎಂದು ನೋಡುವ ಪರೀಕ್ಷೆ) ತೆಗೆದು ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ನರಕ್ಕೆ ಹೋಗಬೇಕು.

ಬೆಂಗಳೂರಿಗೆ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಅದೂ ಸಂಜೆ. ಅಂಡರ್‌ಪಾಸ್ ತುಂಬಿದರೆ ಯಾವ ದಾರಿ, ನಿಮ್ಮ ಆಸ್ಪತ್ರೆ ದೂರವಾದರೆ ಹತ್ತಿರದಲ್ಲಿ ರಾತ್ರಿ ತೆರೆದಿರುವ ಯಾವ ಕ್ಯಾಶುವಾಲ್ಟಿ ಅನ್ನುವುದನ್ನು ಈಗಲೇ ವೈದ್ಯರ ಹತ್ತಿರ ಕೇಳಿ ಬರೆದಿಡಿ. ಬಾಗಿಲ ಹಿಂದೆ ಒಂದು ಚೀಲ: ಡಿಸ್ಚಾರ್ಜ್ ಸಾರಾಂಶ, ಕೊನೆಯ ರಕ್ತಪರೀಕ್ಷೆ, ಮಾತ್ರೆ ಪಟ್ಟಿ, ಆಧಾರ್, ವಿಮೆ ಕಾರ್ಡು, ಶಾಲು, ಚಾರ್ಜರ್.

ಹೊಸತೋಟ
ಅಕ್ಕ, ಎರಡು ಪ್ರಶ್ನೆ. ಕಂಕುಳಲ್ಲಿ ನೋಡಿದರೆ ಆಗುತ್ತದೆಯೇ? ಹೊರಡುವ ಮುಂಚೆ ಪ್ಯಾರಾಸಿಟಮಾಲ್ ಕೊಡಬಹುದೇ?

ವಾರ್ಡಿನಕ್ಕ
ಬಾಯಲ್ಲೇ ನೋಡಿ, ನಾಲಿಗೆಯ ಕೆಳಗೆ, ಹಿಂದುಗಡೆ, ತುಟಿ ಮುಚ್ಚಿ. ಕಾಫಿ ಕುಡಿದಿದ್ದರೆ 20–30 ನಿಮಿಷ ಬಿಡಿ. ಬಾಯಲ್ಲಿ ಹುಣ್ಣಾಗಿ ಆಗದಿದ್ದರೆ ಕಂಕುಳು. ಅದು ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ ಅನ್ನುವುದು ನೆನಪಿರಲಿ. ಕಂಕುಳಲ್ಲಿ 99.5 ಬಂದರೆ ಸಮಾಧಾನಪಡಬೇಡಿ. ಗುದದ್ವಾರದಲ್ಲಿ ಮಾತ್ರ ಬೇಡವೇ ಬೇಡ. ಅಲ್ಲಿ ಗೀರಿದರೆ ಸೋಂಕಿಗೆ ಬಾಗಿಲು ತೆರೆದಂತೆ. ಅದೇ ಕಾರಣಕ್ಕೆ ಎನಿಮಾ, ಸಪೋಸಿಟರಿ (ಗುದದ್ವಾರದಲ್ಲಿ ಇಡುವ ಔಷಧ) ಕೂಡ ಬೇಡ.

ಪ್ಯಾರಾಸಿಟಮಾಲ್ ಫೋನ್ ಮಾಡಿದ ಮೇಲೆ, ಅವರು ಹೇಳಿದರೆ. ಜ್ವರ ಇಳಿಸಿಕೊಂಡು ಹೋದರೆ ಅಲ್ಲಿ 98 ತೋರಿಸಿ ವಾಪಸ್ ಕಳಿಸುತ್ತಾರೆ. ಮೈಕೈ ನೋವಿಗೆ ಕೊಡುವಾಗಲೂ ಮೊದಲು ಥರ್ಮಾಮೀಟರ್. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್ ನೀವಾಗಿ ಕೊಡಬೇಡಿ: ಪ್ಲೇಟ್ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಮೊದಲೇ ಇಳಿದಿರುತ್ತದೆ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಡೆಂಗಿ ಕೂಡ ಇರುತ್ತದಲ್ಲ, ಅದೂ ಪ್ಲೇಟ್ಲೆಟ್ ಇಳಿಸುತ್ತದೆ. ಹಗಲಲ್ಲೂ ಸೊಳ್ಳೆ ಪರದೆ ಕಟ್ಟಿ, ಹೂಕುಂಡದ ತಟ್ಟೆಯ ನೀರು ಚೆಲ್ಲಿ.

ರಿಪೋರ್ಟ್ ನೋಡುವುದನ್ನೂ ಕಲಿತುಕೊಳ್ಳಿ. ಒಟ್ಟು ಬಿಳಿಕಣವನ್ನು ನ್ಯೂಟ್ರೊಫಿಲ್ (ಸೋಂಕಿನೊಡನೆ ಹೋರಾಡುವ ಬಗೆಯ ಬಿಳಿಕಣ) ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಿ. ಒಟ್ಟು 1,800, ನ್ಯೂಟ್ರೊಫಿಲ್ 22 ಆದರೆ 396. 500ಕ್ಕಿಂತ ಕೆಳಗಿದ್ದರೆ ತೀವ್ರ ಕೊರತೆ. ಒಟ್ಟು ಸಂಖ್ಯೆ ಮಾತ್ರ ನೋಡಿ "1,800 ಇದೆಯಲ್ಲ" ಅಂದುಕೊಂಡು ಮೋಸಹೋಗುವವರೇ ಹೆಚ್ಚು. ಮುಂದಿನ ಕೀಮೋಗೆ ಸಾಮಾನ್ಯವಾಗಿ ನ್ಯೂಟ್ರೊಫಿಲ್ 1,500, ಪ್ಲೇಟ್ಲೆಟ್ ಒಂದು ಲಕ್ಷ ಇರಲಿ ಅನ್ನುತ್ತಾರೆ; ಅಷ್ಟಿಲ್ಲದೆ ಒಂದು ವಾರ ಮುಂದಕ್ಕೆ ಹೋದರೆ ಅದು ಸೋಲಲ್ಲ, ಮಾಮೂಲು.

ತುಂಗಾತೀರ
ಮೊದಲ ಮೂರು ದಿನದ ಮಾತ್ರೆಗಳ ಬಗ್ಗೆ. ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ಈ ಎರಡು ಔಷಧ ಸೇರಿದರೆ ವಾಕರಿಕೆ ಜೋರು, ಆದ್ದರಿಂದ ಮೂರು ನಾಲ್ಕು ಬಗೆ ಬರೆದಿರುತ್ತಾರೆ. ಅಪ್ರೆಪಿಟಂಟ್ ಕ್ಯಾಪ್ಸೂಲ್ ಮೊದಲ ದಿನ 125 ಮಿಲಿಗ್ರಾಂ, ಮುಂದಿನ ಎರಡು ದಿನ 80. ಹೆಚ್ಚಿನವರು ಮರೆಯುವುದು ಆ ಮೂರನೇ ದಿನದ್ದನ್ನೇ, ಏಕೆಂದರೆ ಎರಡನೇ ದಿನ ಚೆನ್ನಾಗಿರುತ್ತಾರೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ತಿಂಡಿಯಾದ ಮೇಲೆ ಬೆಳಿಗ್ಗೆ. ಎರಡನೇ ಡೋಸ್ ಇದ್ದರೆ ಮಧ್ಯಾಹ್ನ ಎರಡರೊಳಗೆ. ರಾತ್ರಿ ಕೊಟ್ಟರೆ ಇಬ್ಬರಿಗೂ ನಿದ್ದೆಯಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಆ ದಿನಗಳಲ್ಲಿ ಸಕ್ಕರೆ ಏರುತ್ತದೆ, ಗ್ಲುಕೋಮೀಟರ್ ಕೈಗೆ ಸಿಗುವಂತಿರಲಿ. ಓಲಾಂಜಪಿನ್ ಬರೆದಿದ್ದರೆ ರಾತ್ರಿ ಮಲಗುವಾಗ. ತೂಕಡಿಕೆ ಬರುತ್ತದೆ, ನಡುರಾತ್ರಿ ಬಚ್ಚಲಿಗೆ ಎದ್ದಾಗ ಜೊತೆಗೆ ಹೋಗಿ. ಮಾತ್ರೆ ಹಾಕಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಇನ್ನೊಂದನ್ನು ನೀವೇ ಕೊಡಬೇಡಿ, ಕೇಳಿ ಕೊಡಿ.

ವಾಂತಿ ಮಾತ್ರೆಗಳಲ್ಲಿ ಒಂಡಾನ್ಸೆಟ್ರಾನ್ ಮಲ ಕಟ್ಟಿಸುತ್ತದೆ. ಎರಡು ದಿನ ಹೋಗದಿದ್ದರೆ ಮೂರನೇ ದಿನ ಹೊಟ್ಟೆಯುಬ್ಬಿ ಊಟ ನಿಲ್ಲುತ್ತದೆ, ಎಲ್ಲರೂ ಅದನ್ನು ಕೀಮೋ ವಾಕರಿಕೆ ಅಂದುಕೊಳ್ಳುತ್ತಾರೆ. ಮಲ ಸಡಿಲಿಸುವ ಲ್ಯಾಕ್ಟುಲೋಸ್‌ನಂಥದ್ದನ್ನು ಮೊದಲ ದಿನವೇ ಬರೆಸಿಕೊಳ್ಳಿ. ಇಸಬ್ಗೋಲ್ ಬೇಡ ಅನ್ನುತ್ತೇನೆ: ಅದಕ್ಕೆ ಲೋಟಗಟ್ಟಲೆ ನೀರು ಬೇಕು, ನೀರೇ ಇಳಿಯದ ದಿನಗಳಲ್ಲಿ ಅದು ಒಳಗೇ ಗಟ್ಟಿಯಾಗುತ್ತದೆ.

ನೀರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ. ಸೈಕ್ಲೋಫಾಸ್ಫಮೈಡ್ ಮೂತ್ರಕೋಶ ಸುಡುತ್ತದೆ, ತಡೆಹಿಡಿಯಬಾರದು. ಮೂತ್ರ ಒಂದೆರಡು ದಿನ ಕೆಂಪಗೆ ಹೋದರೆ ಅದು ಡಾಕ್ಸೊರುಬಿಸಿನ್‌ನ ಬಣ್ಣ. ಮೂರನೇ ದಿನದ ಮೇಲೂ ಕೆಂಪಿದ್ದರೆ, ಉರಿಯಿದ್ದರೆ ಹೇಳಿ. ಸೂಜಿ ಹಾಕಿದ ಜಾಗ ಉರಿದು ಕೆಂಪಾದರೆ ಅದನ್ನೂ ಆ ದಿನವೇ ಹೇಳಿ. ಈ ಔಷಧ ನರದಿಂದ ಸೋರಿದರೆ ಚರ್ಮ ಕೊಳೆಸುತ್ತದೆ.

ಹೊಸತೋಟ
ಬಚ್ಚಲಿನ ಬಗ್ಗೆ ಯಾರೂ ಹೇಳುವುದಿಲ್ಲ. ನಮ್ಮದು ಇಂಡಿಯನ್ ಕಕ್ಕಸು. "ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ" ಅಂತ ಹಾಳೆಯಲ್ಲಿದೆ. ಮುಚ್ಚಳವೇ ಇಲ್ಲ.

ತುಂಗಾತೀರ
ಕೀಮೋ ಆಗಿ 48 ಗಂಟೆ ಮೂತ್ರ, ಮಲ, ವಾಂತಿಯಲ್ಲಿ ಔಷಧ ಇರುತ್ತದೆ. ಉದ್ದೇಶ ಸಿಡಿಯದಂತೆ ನೋಡುವುದು. ಬಕೆಟ್ಟು ಮೇಲೆತ್ತಿ ಸುರಿಯಬೇಡಿ. ಚೊಂಬನ್ನು ಕೆಳಕ್ಕೆ ಹಿಡಿದು ಅಂಚಿನಿಂದ ನಿಧಾನ ಬಿಡಿ, ಆಮೇಲೆ ಎರಡನೇ ಸಲ ಹೆಚ್ಚು ನೀರು. ಸುತ್ತ ಕಾಲಿಡುವ ಜಾಗವನ್ನೂ ತೊಳೆಯಿರಿ. ಸುಸ್ತಿರುವವರು ಕುಕ್ಕರಗಾಲಲ್ಲಿ ಕೂತು ಏಳುವಾಗ ತಲೆ ಸುತ್ತಿ ಬೀಳುತ್ತಾರೆ, ಅದಕ್ಕೆ ಕಮೋಡ್ ಕುರ್ಚಿ ಬಾಡಿಗೆಗೆ ತಂದರೆ ಎರಡೂ ಸಮಸ್ಯೆ ಮುಗಿಯುತ್ತದೆ. ವಾಂತಿಗೆ ಬೇಸಿನ್ ಬೇರೆ, ಅದನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬಾರದು. ಕೈಗವಸು ಹಾಕಿ, ತೆಗೆದ ಮೇಲೂ ಸೋಪಿನಿಂದ ಕೈ ತೊಳೆಯಿರಿ. ಕೊಳೆಯಾದ ಬಟ್ಟೆ ಬೇರೆಯಾಗಿ, ಎರಡು ಸಲ. ಮನೆಗೆಲಸದವರು ಬಸುರಿಯಾಗಿದ್ದರೆ ಆ ಎರಡು ದಿನ ಬಚ್ಚಲು ಅವರಿಗೆ ಬಿಡಬೇಡಿ.

ಇನ್ನು ಮುಟ್ಟುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು, ಒಂದೇ ತಟ್ಟೆ ಮುಟ್ಟುವುದರಿಂದ ಏನೂ ಆಗುವುದಿಲ್ಲ. ಬೇರೆ ಕೋಣೆಗೆ ಹಾಕುವ ಅಗತ್ಯವಿಲ್ಲ. ದಾಂಪತ್ಯದ ವಿಷಯಕ್ಕೆ, ಚಿಕಿತ್ಸೆ ಮುಗಿಯುವ ತನಕ ಕಾಂಡೋಮ್ ಬಳಸುವುದು ಸುಲಭದ ನಿಯಮ. ಮುಟ್ಟು ನಿಂತಿದ್ದರೂ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ.

ಒಗ್ಗರಣೆಬೇಡ
ಅಡುಗೆ. ವಾಕರಿಕೆ ಶುರುವಾಗುವುದು ನಾಲಿಗೆಯಿಂದಲ್ಲ, ಮೂಗಿನಿಂದ. ಇಂಗು, ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ ಮೊದಲ ಐದು ದಿನ ನಿಲ್ಲಿಸಿ, ಇಲ್ಲವೇ ಅವರು ಹೊರಗೆ ಜಗಲಿಯಲ್ಲಿ ಕೂತಿರುವಾಗ ಹಾಕಿ ಮುಗಿಸಿ. ಕುದಿಯುವ ಸಾರಿಗಿಂತ ಆರಿದ ಇಡ್ಲಿ, ಮೊಸರನ್ನ ಇಳಿಯುತ್ತದೆ. ಬಿಸಿ ಕಡಿಮೆಯಾದಷ್ಟೂ ವಾಸನೆ ಕಡಿಮೆ. ಆದರೆ ಆರಿಸುವುದಕ್ಕೂ ಬಿಟ್ಟುಬಿಡುವುದಕ್ಕೂ ವ್ಯತ್ಯಾಸವಿದೆ. ಅನ್ನ ಹೊರಗೆ ಎರಡು ಗಂಟೆಗಿಂತ ಹೆಚ್ಚಿರಬಾರದು, ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಚಿತ್ರಾನ್ನಕ್ಕೆ ನೆನ್ನೆಯ ಅನ್ನ ಎತ್ತಿಡುವ ಅಭ್ಯಾಸ ಸದ್ಯಕ್ಕೆ ಬಿಡಿ.

ಪ್ರೋಟೀನ್ ಲೆಕ್ಕ: ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. 60 ಕಿಲೋ ಇದ್ದರೆ 72ರಿಂದ 90 ಗ್ರಾಂ. ಒಂದು ಮೊಟ್ಟೆಗೆ 6, ಒಂದು ಲೋಟ ಹಾಲಿಗೆ 6–7, ನೂರು ಗ್ರಾಂ ಪನೀರಿಗೆ 18ರ ಹತ್ತಿರ, ಒಂದು ಬಟ್ಟಲು ಗಟ್ಟಿ ಬೇಳೆಗೆ 8. ಗಂಜಿ ಕುಡಿಸಿ "ಹೊಟ್ಟೆ ತುಂಬ ತಿಂದಳು" ಅಂದುಕೊಳ್ಳುವಲ್ಲೇ ತಪ್ಪಾಗುವುದು. ಬರೀ ಅಕ್ಕಿ ಗಂಜಿಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಮ್ಮಿ. ಹೆಸರುಬೇಳೆ ಮೂರನೇ ಒಂದು ಪಾಲು ಸೇರಿಸಿ ಬೇಯಿಸಿ, ಅಥವಾ ರಾಗಿ ಗಂಜಿಗೆ ನೀರಿನ ಬದಲು ಹಾಲು. ರಾಗಿ ಹಿಟ್ಟು ಎರಡು ಚಮಚ, ಮೊದಲು ತಣ್ಣೀರಲ್ಲಿ ಕದಡಿ, ಎಂಟು ಹತ್ತು ನಿಮಿಷ ಕೈಬಿಡದೆ ಕುದಿಸಿ. ಬೇಗ ಇಳಿಸಿದರೆ ಹಸಿ ವಾಸನೆ ಉಳಿದು ಲೋಟ ಹಾಗೇ ವಾಪಸ್ ಬರುತ್ತದೆ. ದಿನಕ್ಕೆ ಮೂರು ಊಟದ ಬದಲು ಎರಡೆರಡು ಗಂಟೆಗೆ ಒಂದು ಬಟ್ಟಲು.

ಬಾಯಿ ಕಬ್ಬಿಣದ ರುಚಿ ಅಂದರೆ ಸ್ಟೀಲ್ ಚಮಚ ತೆಗೆದು ಪಿಂಗಾಣಿ ಕೊಡಿ, ನಿಂಬೆ ಹಿಂಡಿ. ಹುಣ್ಣಾಗಿದ್ದರೆ ನಿಂಬೆ, ಹುಣಸೆ, ಕಾರ ಮೂರೂ ಬೇಡ. ಬಾಯಿ ಮುಕ್ಕಳಿಸಲು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಉಪ್ಪು ಒಂದು ಟೀ ಚಮಚ, ಅಡುಗೆ ಸೋಡಾ ಒಂದು ಟೀ ಚಮಚ. ದಿನಕ್ಕೆ ನಾಲ್ಕೈದು ಸಲ, ಹುಣ್ಣು ಬರುವ ಮುಂಚಿನಿಂದಲೇ; ಉಳಿದದ್ದು ರಾತ್ರಿ ಚೆಲ್ಲಿ, ಮರುದಿನ ಹೊಸದು. ಅಂಗಡಿಯ ಮೌತ್‌ವಾಶ್‌ನಲ್ಲಿ ಆಲ್ಕೋಹಾಲ್ ಇದ್ದರೆ ಉರಿ ಹೆಚ್ಚುತ್ತದೆ.

ಕಷಾಯಪ್ರಿಯ
ಅಮೃತಬಳ್ಳಿ ಕಷಾಯ ದಿನಾ ಒಂದು ಲೋಟ ಕೊಡಿ, ರೋಗನಿರೋಧಕ ಶಕ್ತಿಗೆ ಅದಕ್ಕಿಂತ ಬೇರಿಲ್ಲ. ಜೊತೆಗೆ ಈಗ ದೇವನಹಳ್ಳಿ ಚಕ್ಕೋತ ಬರುವ ಕಾಲ, ವಿಟಮಿನ್ ಸಿ ಬೇಕಾದಷ್ಟು.

ವಾರ್ಡಿನಕ್ಕ
ಎರಡೂ ಬೇಡ ಸಾರ್, ಸಿಟ್ಟಾಗಬೇಡಿ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬೈನ ತಜ್ಞರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಹಾಗಿರಲಿ. ಡಾಕ್ಸೊರುಬಿಸಿನ್ ಹೊರಹೋಗುವುದು ಯಕೃತ್ತಿನ ಮೂಲಕ. ಯಕೃತ್ತಿನ ಪರೀಕ್ಷೆಯಲ್ಲಿ ಅಂಕಿ ಏರಿದರೆ ಕೀಮೋ ತಡೆಯುತ್ತಾರೆ, ಆಗ ಕಾರಣ ಔಷಧವೋ ಕಷಾಯವೋ ಎಂದು ಯಾರಿಗೂ ಹೇಳಲಾಗುವುದಿಲ್ಲ.

ಚಕ್ಕೋತ ಗ್ರೇಪ್‌ಫ್ರೂಟ್‌ನ ದಾಯಾದಿ. ಕರುಳಿನಲ್ಲಿ ಔಷಧ ಕರಗಿಸುವ ಒಂದು ಕಿಣ್ವವನ್ನು ತಡೆಯುತ್ತದೆ, ಆಗ ಕೆಲವು ಮಾತ್ರೆ ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ಬಿಪಿ, ಕೊಲೆಸ್ಟರಾಲ್ ಮಾತ್ರೆಗಳಲ್ಲೂ ಕೆಲವಕ್ಕೆ ಇದು ಅನ್ವಯ. ಚಿಕಿತ್ಸೆ ಮುಗಿಯಲಿ, ಚಕ್ಕೋತ ಎಲ್ಲಿಗೂ ಹೋಗುವುದಿಲ್ಲ. ಕಿತ್ತಳೆ, ಮೂಸಂಬಿ ತಿನ್ನಲಿ.

ಕಷಾಯಪ್ರಿಯ
ಚಕ್ಕೋತದ ವಿಷಯ ತಿಳಿದಿರಲಿಲ್ಲ. ಸರಿ. ಆದರೆ ಹಾಗಂತ ಶುಂಠಿ, ಜೀರಿಗೆ ನೀರನ್ನೂ ಬೇಡ ಅಂದರೆ ಅತಿಯಾಗುತ್ತದೆ.

ವಾರ್ಡಿನಕ್ಕ
ಅಡುಗೆಯ ಅಳತೆಯಲ್ಲಿ ಶುಂಠಿ, ಜೀರಿಗೆ, ಅರಿಶಿನ ಎಲ್ಲ ಆಗಬಹುದು. ಬೇಡ ಅಂದದ್ದು ಕ್ಯಾಪ್ಸೂಲ್, ಅರಿಷ್ಟ, ಲೋಟಗಟ್ಟಲೆ ಕಷಾಯಕ್ಕೆ.

ಲೆಕ್ಕದಪುಸ್ತಕ
"ಹಸಿ ತರಕಾರಿ ಹಣ್ಣು ಮುಟ್ಟಲೇಬಾರದು" ಅನ್ನುವ ಪಥ್ಯದ ಬಗ್ಗೆ ಇಲ್ಲಿ ಯಾರಾದರೂ ಹೇಳಬೇಕು. ಕೆಲವು ಆಸ್ಪತ್ರೆಯಲ್ಲಿ ಹಾಳೆ ಕೊಡುತ್ತಾರೆ, ಕೆಲವು ಕಡೆ ಬಿಟ್ಟಿದ್ದಾರೆ.

ಒಗ್ಗರಣೆಬೇಡ
ಕಟ್ಟುನಿಟ್ಟಾಗಿ ಹಸಿಯೆಲ್ಲ ಬಿಟ್ಟವರಿಗೂ ಚೆನ್ನಾಗಿ ತೊಳೆದು ತಿಂದವರಿಗೂ ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಅನ್ನುವುದು ಅಧ್ಯಯನಗಳ ಒಟ್ಟು ಮಾತು. ಅದಕ್ಕೇ ಈಗ ಒತ್ತು ಸ್ವಚ್ಛತೆಯ ಮೇಲೆ. ನಿಮ್ಮ ಆಸ್ಪತ್ರೆ ಬೇಡ ಅಂದಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ 7–14ರ ವಾರದಲ್ಲಿ ನಾನು ಇಷ್ಟು ಮಾಡುತ್ತೇನೆ: ಸಿಪ್ಪೆ ಸುಲಿಯುವ ಹಣ್ಣು ಮಾತ್ರ. ಬಾಳೆ, ಕಿತ್ತಳೆ ಸುಲಭ. ಸೀತಾಫಲದ ಗಂಟುಗಂಟು ಸಿಪ್ಪೆಯ ಸಂದಿ ತೊಳೆಯಲಾಗದು, ಮಾಗಿದಾಗ ತಾನೇ ಬಿರಿಯುತ್ತದೆ, ಬಿರಿದದ್ದು ಬೇಡ. ನವರಾತ್ರಿಯ ಕೋಸಂಬರಿ ನೆನೆಸಿದ ಹಸಿ ಹೆಸರುಬೇಳೆ. ಅದನ್ನು ಐದು ನಿಮಿಷ ಹಬೆಯಲ್ಲಿಟ್ಟು, ಸೌತೆಕಾಯಿ ಬಿಟ್ಟು ಉಸಲಿ ಮಾಡಿ. ಮೊಳಕೆ ಕಾಳೂ ಬೇಯಿಸಿಯೇ. ಪಂಚಾಮೃತದಲ್ಲಿ ಕಾಯಿಸದ ಹಾಲು, ತೀರ್ಥದಲ್ಲಿ ಎಲ್ಲಿಯದೋ ನೀರು: ಕಣ್ಣಿಗೊತ್ತಿಕೊಂಡರೆ ಸಾಕು. ಮೊಸರು, ಕಾಯಿಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ್ದು, ಅಂದಂದಿನದು. ಹೊಸ ಕಡಲೆಕಾಯಿ ಉಪ್ಪು ಹಾಕಿ ಕುಕ್ಕರಿನಲ್ಲಿ ಮೂರು ನಾಲ್ಕು ವಿಷಲ್. ಒಳಗೆ ಬೂಸ್ಟು ಕಂಡದ್ದನ್ನು, ಕಹಿಯಾದದ್ದನ್ನು ಉಗುಳಿ ಬಿಸಾಡಿ.

ಕುಡಿಯುವ ನೀರು ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ. ಕಷ್ಟಪಟ್ಟು ಕುದಿಸಿ, ಆಮೇಲೆ ಎಲ್ಲರ ಲೋಟವನ್ನೂ ಅದರೊಳಗೆ ಅದ್ದುವುದರಿಂದ ಎಲ್ಲ ವ್ಯರ್ಥ. ನಲ್ಲಿ ಇರುವ ಸ್ಟೀಲ್ ಡ್ರಮ್ಮು ತನ್ನಿ.

ಗೊಂಬೆಮನೆ
ಹಬ್ಬದ ಸ್ವಚ್ಛತೆಯ ವಿಷಯ. ಪಿತೃಪಕ್ಷ ಮುಗಿಯುತ್ತಲೇ ಅಟ್ಟ ಇಳಿಸಿ ಧೂಳು ಹೊಡೆಯುವುದು, ಸುಣ್ಣ ಬಣ್ಣ ಹೊಡೆಸುವುದು ನಮ್ಮ ಪದ್ಧತಿ. ಈ ವರ್ಷ ಅಟ್ಟ ಮುಟ್ಟಬೇಡಿ. ಹಳೆಯ ಧೂಳಿನಲ್ಲಿ, ತೇವದ ಗೋಡೆಯಲ್ಲಿ ಬೂಸ್ಟಿನ ಕಣಗಳಿರುತ್ತವೆ. ಬಿಳಿಕಣ ಇಲ್ಲದವರ ಶ್ವಾಸಕೋಶಕ್ಕೆ ಅದು ಅಪಾಯ. ಗೊಂಬೆ ಕೂರಿಸಲೇಬೇಕೆಂದಿದ್ದರೆ ಪಟ್ಟದ ಗೊಂಬೆ ಎರಡು, ಒಂದೇ ಮೆಟ್ಟಿಲು, ಬೇರೆಯವರ ಮನೆಯಲ್ಲಿ ಒರೆಸಿ ತಂದು. ಪೊರಕೆಗಿಂತ ಒದ್ದೆ ಬಟ್ಟೆ. ಹೂದಾನಿಯ ನೀರು ದಿನವೂ ಚೆಲ್ಲಿ, ಬಾಡಿದ ಹೂವನ್ನು ರಾತ್ರಿ ದೇವರ ಮನೆಯಲ್ಲಿ ಬಿಡಬೇಡಿ.

ಬಂದವರು. ಬಾಗಿನ, ಅರಿಶಿನ ಕುಂಕುಮ ಅಂತ ಹತ್ತು ಜನ ಬಂದು "ಐದೇ ನಿಮಿಷ" ಅನ್ನುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿದರೆ ಜಗಳ. ಇಂಥದ್ದೊಂದು ಸಂದೇಶ ಎಲ್ಲರಿಗೂ ಒಟ್ಟಿಗೆ ಕಳಿಸಿ: "ಇಂಥ ದಿನದಿಂದ ಇಂಥ ದಿನದವರೆಗೆ ವೈದ್ಯರು ಯಾರನ್ನೂ ಸೇರಿಸಬೇಡಿ ಅಂದಿದ್ದಾರೆ. ಆಮೇಲೆ ಭಾನುವಾರ 11ರಿಂದ 12, ಶೀತ ಕೆಮ್ಮು ಇಲ್ಲದವರು ಬನ್ನಿ. ಫೋನ್ ನನಗೇ ಮಾಡಿ, ಅವಳಿಗೆ ಬೇಡ." ವೈದ್ಯರ ಹೆಸರಿನಲ್ಲಿ ಹೇಳಿದರೆ ಯಾರಿಗೂ ಬೇಜಾರಿಲ್ಲ. ಏನು ತರಲಿ ಅಂದವರಿಗೆ ಕೆಲಸ ಕೊಡಿ: ಕರೆಂಟ್ ಬಿಲ್ಲು, ಲ್ಯಾಬ್ ರಿಪೋರ್ಟ್ ತರುವುದು, ರಕ್ತದ ಗುಂಪು ಹೊಂದುವ ಇಬ್ಬರ ಹೆಸರು. ಪ್ಲೇಟ್ಲೆಟ್ ಐದು ದಿನಕ್ಕಿಂತ ಇಡಲಾಗುವುದಿಲ್ಲ, ರಜೆಯ ನಡುವೆ ದಾನಿ ಹುಡುಕುವುದು ಕಷ್ಟ.

ದೀಪಾವಳಿ: ಸಂಜೆ ಆರರೊಳಗೆ ಕಿಟಕಿ ಮುಚ್ಚಿ ಕೆಳಗಿನ ಸಂದಿಗೆ ಒದ್ದೆ ಟವೆಲ್. ಎಣ್ಣೆ ಸ್ನಾನಕ್ಕೆ ಎಣ್ಣೆ ನೆತ್ತಿಗೆ ಮುಟ್ಟಿಸಿದರೆ ಶಾಸ್ತ್ರ ಆಯಿತು. ಪ್ಲೇಟ್ಲೆಟ್ ಕಡಿಮೆಯಿದ್ದಾಗ ಮೈ ತಿಕ್ಕಿ ನೀವುವುದು ಬೇಡ, ಪೋರ್ಟ್ ಅಥವಾ ಪಿಕ್ ಲೈನ್ (ಕೀಮೋ ಕೊಡಲು ಎದೆಯಲ್ಲೋ ತೋಳಿನಲ್ಲೋ ಕೂರಿಸಿದ ನಳಿಕೆ) ಇರುವ ಜಾಗಕ್ಕೆ ಎಣ್ಣೆ ತಾಗಿದರೆ ಅಂಟುಪಟ್ಟಿ ಬಿಡುತ್ತದೆ. ಹಾಗೇ ಎಣ್ಣೆ ಬಿದ್ದ ಬಚ್ಚಲಲ್ಲಿ ಜಾರುವುದೂ ಇದೆಯಲ್ಲ.

ಧಾರವಾಡಪೇಡೆ
ಇಂಜೆಕ್ಷನ್ ಬಗ್ಗೆ ಯಾರೂ ಹೇಳಿಲ್ರಿ. ಬಿಳಿಕಣ ಏರಿಸೋ ಪೆಗ್‌ಫಿಲ್‌ಗ್ರಾಸ್ಟಿಮ್ 6 ಮಿಲಿಗ್ರಾಂ, ಕೀಮೋ ಮುಗದ 24 ತಾಸಿನ ಮೇಲೆ ಕೊಡೋದು, ಅದಕಿಂತ ಮೊದಲ ಅಲ್ಲ. ಮನ್ಯಾಗ ಇಡೋದಾದ್ರ ಫ್ರಿಜ್ಜಿನಾಗ 2ರಿಂದ 8 ಡಿಗ್ರಿ. ಬಾಗಿಲದಾಗ ಬ್ಯಾಡ, ಫ್ರೀಜರ್ ಕೆಳಗ ಅಂಟಿಸಿನೂ ಬ್ಯಾಡ, ಹೆಪ್ಪುಗಟ್ಟಿದ್ರ ಕೆಟ್ಟಂಗ. ಅಂಗಡಿಯಿಂದ ತರುವಾಗ ಐಸ್ ಪ್ಯಾಕ್ ಮತ್ತ ಪೆಟ್ಟಿಗಿ ನಡುವ ಬಟ್ಟಿ ಇರಲಿ. ಕೊಡೋಕಿಂತ ಅರ್ಧ ತಾಸು ಮೊದಲ ಹೊರಗ ತಗೀರಿ. ಅಲ್ಲಾಡಿಸಬ್ಯಾಡ್ರಿ. ಎರಡು ಮೂರು ದಿನಕ್ಕ ಸೊಂಟ, ತೊಡಿ ಎಲುಬು ನೋಯ್ತಾವ. ಎಲುಬಿನ ಮಜ್ಜಿ ಕೆಲಸಕ್ಕ ಹತ್ತಿದ ನೋವು ಅದು, ಹೆದರಬ್ಯಾಡ್ರಿ. ಸೂಜಿನ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗ ಹಾಕಿ ಆಸ್ಪತ್ರಿಗೆ ವಾಪಸ್ ಕೊಡ್ರಿ, ಕಸದ ಗಾಡಿಯವರ ಕೈಗೆ ಚುಚ್ಚೂದು ಬ್ಯಾಡ.

ಕಡಲತೀರ
ಇದೇ ಎಳೆಯಲ್ಲಿ ಕೇಳಬಹುದೇ? ಗಂಡನಿಗೆ ಕರುಳಿನ ಕ್ಯಾನ್ಸರ್, ಆಕ್ಸಾಲಿಪ್ಲಾಟಿನ್ ಮತ್ತು ಕೆಪೆಸಿಟಬೀನ್ ಮಾತ್ರೆ. ಇದೇ ಲೆಕ್ಕ ಹಿಡಿಯುತ್ತದೆಯೇ?

ವಾರ್ಡಿನಕ್ಕ
ಜ್ವರದ ನಿಯಮ ಅದೇ, ಉಳಿದದ್ದು ಬೇರೆ. ಆಕ್ಸಾಲಿಪ್ಲಾಟಿನ್ ಆದ ಮೇಲೆ ಐದಾರು ದಿನ ತಣ್ಣನೆಯದು ಏನು ಮುಟ್ಟಿದರೂ ಬೆರಳಿಗೆ ವಿದ್ಯುತ್ ಹೊಡೆದಂತೆ, ತಣ್ಣೀರು ಕುಡಿದರೆ ಗಂಟಲು ಹಿಡಿದಂತೆ ಆಗುತ್ತದೆ. ಉಸಿರು ನಿಂತಿಲ್ಲ, ಹಾಗೆ ಅನಿಸುವುದು. ಬಿಸಿನೀರು ಗುಟುಕರಿಸಿದರೆ ಇಳಿಯುತ್ತದೆ. ಫ್ರಿಜ್ಜಿಗೆ ಅವರು ಕೈ ಹಾಕಬಾರದು. ಮುಂಜಾನೆ ಬರಿಗಾಲಲ್ಲಿ ರೆಡ್ ಆಕ್ಸೈಡ್ ನೆಲ ಬೇಡ, ಸಾಕ್ಸು ಚಪ್ಪಲಿ. ಬೇರೆ ಕೀಮೋದವರಿಗೆ ಬಾಯಿಹುಣ್ಣಿಗೆ ಐಸ್ ಚೂರು ಹೇಳುತ್ತಾರೆ, ಇವರಿಗೆ ಅದು ತಪ್ಪು.

ಕೆಪೆಸಿಟಬೀನ್ ಊಟ ಮುಗಿದ 30 ನಿಮಿಷದೊಳಗೆ, 12 ಗಂಟೆ ಅಂತರ. ಅಂಗೈ ಅಂಗಾಲು ಕೆಂಪಾಗಿ ಉರಿದರೆ ಯೂರಿಯಾ ಇರುವ ಕ್ರೀಮ್ ದಿನಕ್ಕೆ ಎರಡು ಸಲ, ಬಿಸಿನೀರಲ್ಲಿ ಪಾತ್ರೆ ತೊಳೆಯುವುದು ನಿಲ್ಲಲಿ. ಚರ್ಮ ಸುಲಿದು ನಡೆಯಲು ಆಗದಿದ್ದರೆ, ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ ಆ ಹೊತ್ತಿನ ಮಾತ್ರೆ ಕೊಡುವ ಮುಂಚೆ ಫೋನ್. ಓಆರ್‌ಎಸ್ ಪ್ಯಾಕೆಟ್ ಒಂದು ಲೀಟರಿನದಾದರೆ ಪೂರ್ತಿ ಒಂದು ಲೀಟರಿಗೇ; ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿದರೆ ಉಪ್ಪು ಹೆಚ್ಚಾಗಿ ಭೇದಿ ಜಾಸ್ತಿಯಾಗುತ್ತದೆ.

ನ್ಯೂಜೆರ್ಸಿಕನ್ನಡಿಗ
ಅಮೆರಿಕದಲ್ಲಿ ಇದನ್ನು ಓದುವವರಿಗೆ ಮೂರು ಮಾತು. ಉದುರಿದ ಎಲೆ ಗುಡಿಸುವ ಕೆಲಸ ರೋಗಿಗೆ ಬೇಡ, ಒದ್ದೆ ಎಲೆಯ ರಾಶಿಯಲ್ಲಿ ಬೂಸ್ಟು ತುಂಬಿರುತ್ತದೆ. ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, 12 ಗಂಟೆಯ ಮಾತ್ರೆಗಳ ಹೊಸ ವೇಳೆ ಮೊದಲೇ ಬರೆದಿಡಿ. ರಜೆ: 1993ರ ಕುಟುಂಬ ಮತ್ತು ವೈದ್ಯಕೀಯ ರಜಾ ಕಾಯ್ದೆಯಲ್ಲಿ ಗಂಡ ಅಥವಾ ಹೆಂಡತಿಯ ಆರೈಕೆಗೆ ವರ್ಷಕ್ಕೆ 12 ವಾರ, ಸಂಬಳವಿಲ್ಲ, ಕೆಲಸ ಉಳಿಯುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ, 12 ತಿಂಗಳು ಮತ್ತು 1,250 ಗಂಟೆ ದುಡಿದಿರಬೇಕು. ಒಟ್ಟಿಗೇ ತಗೊಳ್ಳಬೇಕಿಲ್ಲ, ಪ್ರತಿ ಸೈಕಲ್‌ಗೆ ಮೂರು ನಾಲ್ಕು ದಿನದಂತೆ ಬಿಡಿಬಿಡಿಯಾಗಿ ತಗೊಳ್ಳಬಹುದು.

ಲೆಕ್ಕದಪುಸ್ತಕ
ನಮ್ಮ ಕಡೆಯ ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30, ಮಿತಿ 1.5 ಲಕ್ಷ. ಪೂರ್ವಾನುಮತಿ ಚಿಕಿತ್ಸೆಗೆ ಮುಂಚೆಯೇ ಆಗಬೇಕು, ಕಟ್ಟಿದ ಮೇಲೆ ಕೇಳಿದರೆ ಬರುವುದಿಲ್ಲ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ. 75, ಆಸ್ಪತ್ರೆಯ ಪ್ರಮಾಣಪತ್ರ ಬೇಕು. 2026ರ ಮಾರ್ಚ್ ತನಕ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಪ್ರಕಾರ ಚಿಕಿತ್ಸೆಯ ಖರ್ಚಿನಲ್ಲಿ 40,000ದವರೆಗೆ, ರೋಗಿಗೆ 60 ಆಗಿದ್ದರೆ 1 ಲಕ್ಷದವರೆಗೆ ಆದಾಯದಿಂದ ಕಳೆಯಬಹುದಿತ್ತು, ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. ಬಿಲ್ಲು ಬಿಸಾಡಬೇಡಿ, ಥರ್ಮಲ್ ಕಾಗದದ್ದು ಮಾಸುತ್ತದೆ, ಅಂದೇ ಫೋಟೊ ತೆಗೆಯಿರಿ.

ಹೊಸತೋಟ
ಇಷ್ಟೆಲ್ಲ ಮಾಡಿದ ಮೇಲೂ ದಿನ ತುಂಬ ಉದ್ದ ಇರುತ್ತದಲ್ಲ. ಜನ ಬರುವುದಿಲ್ಲ, ಟಿವಿ ಹಾಕಿದರೆ ತಲೆನೋವು. ಮಧ್ಯಾಹ್ನ ಏನು ಮಾಡುವುದು?

ತುಂಗಾತೀರ
ಆ ಮೌನ ಇಬ್ಬರಿಗೂ ಬೇಕಾದದ್ದೇ, ಆದರೆ ಅದಕ್ಕೊಂದು ಆಕಾರ ಬೇಕು. ಕೀಮೋ ಸುಸ್ತು ನಿದ್ದೆಯಿಂದ ಹೋಗುವುದಿಲ್ಲ. ಇಡೀ ದಿನ ಮಲಗಿದರೆ ಇನ್ನೂ ಹೆಚ್ಚುತ್ತದೆ. ಜ್ವರವಿಲ್ಲದ ದಿನ ಹತ್ತು ನಿಮಿಷದ ನಡಿಗೆ, ಮೂರು ಹೊತ್ತು, ಮನೆಯೊಳಗೆ ಅಥವಾ ತಾರಸಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಆಶ್ವಯುಜದ ಬಿಸಿಲು ಹಿತ, ಹತ್ತರ ಮೇಲೆ ಚುರುಕು. ಔಷಧದಿಂದ ಚರ್ಮ ಬೇಗ ಕಪ್ಪಾಗುತ್ತದೆ, ನೆರಳಿಗೆ ಬನ್ನಿ. ಮಧ್ಯಾಹ್ನದ ನಿದ್ದೆ 40 ನಿಮಿಷ, ಮೂರರೊಳಗೆ ಎಬ್ಬಿಸಿ. ಹೆಚ್ಚಿನವರಿಗೆ ಮಾತು ಹಿತವಾಗುವ ಹೊತ್ತು ನಾಲ್ಕರಿಂದ ಆರು. ಕೀಮೋ ಕಾಲದಲ್ಲಿ ಗಮನ ನಿಲ್ಲುವುದಿಲ್ಲ, ಓದಿದ ಪುಟವೇ ಮತ್ತೆ ಓದುತ್ತಾರೆ. ನೀವು ಗಟ್ಟಿಯಾಗಿ ಓದಿ, ಸಣ್ಣದನ್ನು, ಹದಿನೈದು ನಿಮಿಷಕ್ಕೆ ಮುಗಿಯುವಂಥದ್ದನ್ನು. ರೇಡಿಯೊ ಟಿವಿಗಿಂತ ವಾಸಿ, ಕಣ್ಣು ಮುಚ್ಚಿಯೇ ಕೇಳಬಹುದು. ಅವರೆಕಾಯಿ ಸುಲಿಯುವ ಕಾಲ ಬರುವುದು ಇನ್ನೂ ತಡ. ಅಷ್ಟರವರೆಗೆ ಕರಿಬೇವು ಬಿಡಿಸುವುದು, ಬಟ್ಟೆ ಮಡಿಸುವುದು ಕೂತಲ್ಲೇ ಆಗುವ ಕೆಲಸ. ಕೊಡಿ. ಎಲ್ಲ ಕೆಲಸ ಕಸಿದುಕೊಂಡರೆ ಮನೆಯೊಳಗೇ ಅತಿಥಿಯಾಗಿಬಿಡುತ್ತಾರೆ.

ಕೂದಲು ಎರಡರಿಂದ ಮೂರನೇ ವಾರದಲ್ಲಿ ಹೋಗುತ್ತದೆ. ಉದುರುವ ಮುಂಚೆ, 14ನೇ ದಿನದ ಹೊತ್ತಿಗೆ, ಅವರು ಒಪ್ಪಿದರೆ ಟ್ರಿಮ್ಮರ್‌ನಿಂದ ಸಣ್ಣದು ಮಾಡಿ. ರೇಜರ್ ಬೇಡ, ಗಾಯವಾದರೆ ಸೋಂಕು. ಬೋಳು ತಲೆಗೆ ರಾತ್ರಿ ಚಳಿ, ಹತ್ತಿಯ ಟೋಪಿ ಎರಡು ಇರಲಿ.

ನಿಮ್ಮದೂ ಒಂದು ಕೆಲಸ. ಫ್ಲೂ ಚುಚ್ಚುಮದ್ದು ನೀವು ಹಾಕಿಸಿಕೊಳ್ಳಿ, ಅವರದ್ದು ಯಾವಾಗ ಅಂತ ವೈದ್ಯರು ಹೇಳುತ್ತಾರೆ. ಡೆಕ್ಸಾ ರಾತ್ರಿಗಳು ಇಬ್ಬರನ್ನೂ ಎಬ್ಬಿಸುತ್ತವೆ. ಎರಡನೇ ಮೂರನೇ ದಿನ ಮಧ್ಯಾಹ್ನ ಯಾರಾದರೂ ಒಬ್ಬರನ್ನು ಕೂರಿಸಿ ನೀವು ಮಲಗಿ. ಮಾತ್ರೆ ತಪ್ಪುವುದು ನಿದ್ದೆಗೆಟ್ಟ ದಿನಗಳಲ್ಲೇ.

ಗೊಂಬೆಮನೆ
ಪ್ಯಾಕ್ಲಿಟಾಕ್ಸೆಲ್ ಶುರುವಾದ ಮೇಲೆ ಒಂದು ನೆನಪಿಡಿ: ಬೆರಳ ತುದಿ ಮರಗಟ್ಟುತ್ತದೆ. ಬಿಸಿ ತವಾ, ದೀಪದ ಬತ್ತಿ ಸುಟ್ಟರೂ ತಿಳಿಯುವುದಿಲ್ಲ. ರವಿಕೆಯ ಹುಕ್ಕು, ಹೂ ಕಟ್ಟುವುದು ಕಷ್ಟವಾಗುತ್ತಿದೆ ಅಂದರೆ ಅದನ್ನು ದಿನಾಂಕ ಹಾಕಿ ಬರೆದು ವೈದ್ಯರಿಗೆ ತೋರಿಸಿ, ಡೋಸ್ ಬದಲಿಸುವುದು ಆ ಮಾಹಿತಿಯ ಮೇಲೆ. ಆಪರೇಷನ್ ಆದ ಬದಿಯ ಕೈಗೆ ಬಿಪಿ ಪಟ್ಟಿ, ಬಿಗಿ ಬಳೆ ಬೇಡ. ಪಿಕ್ ಲೈನ್ ಕೈಗೆ ಗಾಜಿನ ಬಳೆ ಬೇಡ. ಮುಂದೆ ರೇಡಿಯೇಷನ್ ಇದ್ದರೆ ಕರಿಮಣಿ ಸರ ಎದೆಯ ಚರ್ಮ ತಿಕ್ಕುತ್ತದೆ. ತೆಗೆಯಲು ಮನಸ್ಸಾಗದವರು ಸಣ್ಣದಾಗಿ ಕಟ್ಟಿ ಇನ್ನೊಂದು ಕೈಗೆ ಹಾಕಿಕೊಳ್ಳುತ್ತಾರೆ. ಅದನ್ನು ಮೊದಲ ದಿನವೇ ಮಾತಾಡಿ ತೀರ್ಮಾನಿಸಿ, ಮೆಷಿನ್ ಕೋಣೆಯ ಬಾಗಿಲಲ್ಲಿ ಅಲ್ಲ.

ಹೊಸತೋಟ
ಕ್ಯಾಲೆಂಡರ್‌ಗೆ ಕೆಂಪು ಹಾಕಿದೆ. ಹಬ್ಬದೂಟ 17ನೇ ದಿನ. ಕೊನೇ ಪ್ರಶ್ನೆ: ತುಳಸಿ ಕಟ್ಟೆಗೆ ನೀರು ಹಾಕುವುದು ಅವಳ ದಿನದ ಕೆಲಸ. ಅದನ್ನಾದರೂ ಅವಳಿಗೆ ಮಾಡಲು ಬಿಡಬಹುದೇ?

ವಾರ್ಡಿನಕ್ಕ
ನೀರು ಹಾಕಲಿ, ಮಣ್ಣು ಕೆದಕುವುದು ಬೇಡ. ಬಾಡಿದ ಎಲೆ, ನೆಲ್ಲಿಕೊಂಬೆ ತೆಗೆಯುವುದು ನಿಮ್ಮ ಪಾಲಿಗೆ. ಒಳಗೆ ಬಂದು ಸೋಪಿನಲ್ಲಿ 20 ಸೆಕೆಂಡ್ ಕೈ ತೊಳೆಯಲಿ.